ಹಸಿರಾಗಿ ಹೊಳೆದ ಹೆಬ್ಬೆರಳು

ಮೂವತ್ತೊಂದು ವರ್ಷ ನಾನು ಹೆದರುತ್ತಲೇ ಕೆಲಸ ಮಾಡಿದವಳು. ಬೆಳಕಿಗೆ ಹೆದರಿದೆ, ಫ್ರೀಜರಿಗೆ ಹೆದರಿದೆ, ಕರೆಂಟು ಹೋದರೆ ಹೆದರಿದೆ, ಉಪಾಧ್ಯ ಸರ್ ಕನ್ನಡಕ ತೆಗೆದರೆ ಎಲ್ಲಕ್ಕಿಂತ ಹೆಚ್ಚು ಹೆದರಿದೆ. ಕಳೆದ ತಿಂಗಳು ಲ್ಯಾಬ್ ಟೆಕ್ನಿಶಿಯನ್ ಕೋರ್ಸ್ ಮುಗಿಸಿದ ಮೂವರು ಹುಡುಗಿಯರು ಕಡಿಯಾಳಿಯ ನನ್ನ ಮನೆಗೆ ಬಂದು, "ಮೇಡಂ, ಈ ಕೆಲಸಕ್ಕೆ ಮುಖ್ಯವಾಗಿ ಎಂತ ಬೇಕು?" ಎಂದು ಕೇಳಿದರು. ತಾಳ್ಮೆ, ಶುಚಿತ್ವ ಎಂದು ಬಾಯಿಗೆ ಬಂದದ್ದನ್ನು ಹೇಳಿ ಚಹಾ ಕೊಟ್ಟು ಕಳುಹಿಸಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಒಂದು ತಪ್ಪಿನಿಂದ ಕಾಪುವಿನ ಒಬ್ಬರಿಗೆ ಸಿಗಬೇಕಾಗಿದ್ದ ಕಿಡ್ನಿ ತಪ್ಪಿಹೋಗುವುದರಲ್ಲಿತ್ತು. ತಪ್ಪು ಗೊತ್ತಾದ ಮೇಲೂ ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದೆ.

ನಮ್ಮದು ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆಯ ಬದಿಯಲ್ಲಿ, ಒಂದು ಕಟ್ಟಡದ ಎರಡನೆಯ ಮಾಳಿಗೆಯಲ್ಲಿದ್ದ ಸಣ್ಣ ಖಾಸಗಿ ಸಂಶೋಧನಾ ಪ್ರಯೋಗಾಲಯ. ಈಗ ಅದು ಮುಚ್ಚಿದೆ, ಅಲ್ಲಿ ಬಟ್ಟೆ ಅಂಗಡಿ ಬಂದಿದೆ. ನಾನು ಕಾರ್ಕಳದ ಹತ್ತಿರದ ಕುಕ್ಕುಂದೂರಿನವಳು. ಡಿಪ್ಲೊಮಾ ಮುಗಿಸಿ ಸೇರಿದಾಗ ಅಲ್ಲಿ ಇದ್ದದ್ದು ಅದನ್ನು ನಡೆಸುತ್ತಿದ್ದ ಉಪಾಧ್ಯ ಸರ್, ಒಂದು ಸೂಕ್ಷ್ಮದರ್ಶಕ, ಎರಡು ಫ್ರಿಜ್ಜು ಮತ್ತು ನಾನು.

ಕೆಲಸ ಎಂತದ್ದು ಎಂದು ಸರಳವಾಗಿ ಹೇಳುತ್ತೇನೆ. ನಮ್ಮ ರಕ್ತದಲ್ಲಿ ಆಂಟಿಬಾಡಿಗಳಿರುತ್ತವೆ. ಒಂದೊಂದು ಆಂಟಿಬಾಡಿ ತನ್ನದಾದ ಒಂದೇ ವಸ್ತುವನ್ನು ಹುಡುಕಿ ಹಿಡಿಯುತ್ತದೆ, ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಅದು ಹಿಡಿದದ್ದು ನಮ್ಮ ಕಣ್ಣಿಗೆ ಕಾಣಬೇಕಲ್ಲ? ಅದಕ್ಕಾಗಿ ಅದಕ್ಕೆ ಒಂದು ಬಣ್ಣ ಅಂಟಿಸುತ್ತೇವೆ. ನೀಲಿ ಬೆಳಕು ಬಿದ್ದರೆ ಆ ಬಣ್ಣ ಹಸಿರಾಗಿ ಹೊಳೆಯುತ್ತದೆ. ಎಲ್ಲಿ ಹಸಿರು ಕಂಡಿತೋ ಅಲ್ಲಿ ಆಂಟಿಬಾಡಿ ಹೋಗಿ ಕುಳಿತಿದೆ ಎಂದು ಅರ್ಥ. ನಮ್ಮ ಇಡೀ ವಿದ್ಯೆ ನಿಂತಿರುವುದು ಈ ಒಂದು ನಂಬಿಕೆಯ ಮೇಲೆ.

ಈಗ ಬಣ್ಣ ಅಂಟಿಸಿದ ಆಂಟಿಬಾಡಿ ಸಣ್ಣ ಬಾಟಲಿಗಳಲ್ಲಿ ತಯಾರಾಗಿಯೇ ಬರುತ್ತದೆ. ಆಗ ನಾವೇ ಅಂಟಿಸಬೇಕಿತ್ತು. ಕಿತ್ತಳೆ ಬಣ್ಣದ ಫ್ಲೋರೆಸೀನ್ ಪುಡಿಯನ್ನು ಚಿಟಿಕೆಗಿಂತ ಕಡಿಮೆ ತೂಗಿ, ಕರಗಿಸಿ, ಆಂಟಿಬಾಡಿಗೆ ತೊಟ್ಟು ತೊಟ್ಟಾಗಿ ಬೆರೆಸಿ, ಬೆಳಕಿಗೆ ಬಣ್ಣ ಮಾಸದಂತೆ ಅಲ್ಯೂಮಿನಿಯಂ ಹಾಳೆ ಸುತ್ತಿ ಕತ್ತಲಲ್ಲಿ ಇಡುವುದು. ಆಮೇಲೆ ಅದನ್ನು ಜೆಲ್ ತುಂಬಿದ ಗಾಜಿನ ಕೊಳವೆಗೆ ಸುರಿದರೆ ಎರಡು ಹಳದಿ ಪಟ್ಟಿಗಳು ನಿಧಾನಕ್ಕೆ ಕೆಳಗೆ ಇಳಿಯುತ್ತವೆ. ಮೊದಲು ಇಳಿಯುವುದು ಬಣ್ಣ ಹತ್ತಿದ ಆಂಟಿಬಾಡಿ, ಹಿಂದೆ ಬರುವುದು ಯಾರಿಗೂ ಅಂಟದೆ ಉಳಿದ ಬಣ್ಣ. ಎರಡು ಪಟ್ಟಿಗಳ ನಡುವೆ ಅಂತರ ಕಾಣುವವರೆಗೆ ನಾನು ಕೊಳವೆಯ ಮುಂದಿನಿಂದ ಏಳುತ್ತಿರಲಿಲ್ಲ.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಆಂಟಿಬಾಡಿಯನ್ನು ಇಡುವ ದ್ರಾವಣ ಬದಲಿಸಬೇಕಿತ್ತು, ಬದಲಿಸಲಿಲ್ಲ. ಬಣ್ಣವೆಲ್ಲ ಹೋಗಿ ಆ ದ್ರಾವಣಕ್ಕೇ ಅಂಟಿಕೊಂಡಿತು, ಆಂಟಿಬಾಡಿ ಬೋಳಾಗಿ ಉಳಿಯಿತು. ಮತ್ತೊಮ್ಮೆ ಕಡಲ ಪಾಚಿಯಿಂದ ತೆಗೆದ ಕೆಂಪು ಬಣ್ಣ ಹತ್ತಿಸಿದ ಆಂಟಿಬಾಡಿ ಬಂತು. ಬಹಳ ಅಪರೂಪದ್ದು ಎಂದು ಸರ್ ಹೇಳಿದ್ದರಿಂದ, ಅಪರೂಪದ್ದನ್ನೆಲ್ಲ ಫ್ರೀಜರಿನಲ್ಲಿ ಇಡಬೇಕೆಂದು ನಾನೇ ತೀರ್ಮಾನಿಸಿದೆ. ಆ ಬಣ್ಣ ಹೆಪ್ಪುಗಟ್ಟಿದರೆ ಸತ್ತಂತೆ. ಮರುದಿನ ಕರಗಿಸಿ ನೋಡಿದರೆ ಹೊಳಪೇ ಇಲ್ಲ.

ಎರಡೂ ಸಲ ಸರ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, "ಇನ್ನೊಮ್ಮೆ ಮಾಡಿ" ಎಂದರು, ಅಷ್ಟೆ. ಆ ಒರೆಸುವ ಅರ್ಧ ನಿಮಿಷದಲ್ಲಿ ನಾನು ಕುಕ್ಕುಂದೂರಿಗೆ ವಾಪಸು ಹೋಗಿ ಬರುತ್ತಿದ್ದೆ.

ಇಲಿ, ಮೊಲಗಳ ರಕ್ತದ ಜೊತೆ ಕೆಲಸ ಮಾಡುವವರೆಗೆ ಈ ಹೆದರಿಕೆ ತಡೆದುಕೊಳ್ಳುವ ಹಾಗೆಯೇ ಇತ್ತು. ಹದಿಮೂರು ವರ್ಷದ ಹಿಂದೆ ಸರ್ ಹೊಸ ಯಂತ್ರ ತರಿಸಿದರು. ಜೀವಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ, ಯಾವುದು ಎಷ್ಟು ಹೊಳೆಯಿತು ಎಂದು ಲೆಕ್ಕ ಹಾಕಿ ಪರದೆಯ ಮೇಲೆ ಗುಡ್ಡದ ಹಾಗೆ ಗೆರೆ ಬರೆಯುವ ಯಂತ್ರ ಅದು. ಯಂತ್ರ ಬಂದದ್ದೇ, ದೂರದ ಒಂದು ಆಸ್ಪತ್ರೆಯವರು ಕಿಡ್ನಿ ಕಸಿಗೆ ಮೊದಲು ಮಾಡುವ ಹೊಂದಾಣಿಕೆ ಪರೀಕ್ಷೆಯನ್ನು ನಮ್ಮಲ್ಲಿಗೆ ಕಳುಹಿಸತೊಡಗಿದರು. ಕಿಡ್ನಿ ಕೊಡುವವರ ಜೀವಕೋಶಕ್ಕೆ ರೋಗಿಯ ರಕ್ತದ ತಿಳಿ ಭಾಗವಾದ ಸೀರಮ್ ಸೇರಿಸಿ, ಮೇಲೆ ನಮ್ಮ ಹಸಿರು ಬಣ್ಣದ ಆಂಟಿಬಾಡಿ ಹಾಕುವುದು. ನಮ್ಮದು ಹಿಡಿಯುವುದು ಆ ಜೀವಕೋಶಕ್ಕೆ ಅಂಟಿದ ರೋಗಿಯ ಆಂಟಿಬಾಡಿಯನ್ನು. ಹೊಳೆಯದಿದ್ದರೆ ಒಳ್ಳೆಯದು. ಹೊಳೆದರೆ ರೋಗಿಯ ರಕ್ತದಲ್ಲಿ ಆ ಕಿಡ್ನಿಯ ಶತ್ರು ಈಗಾಗಲೇ ಕಾದು ಕುಳಿತಿದೆ ಎಂದು ಅರ್ಥ. ಹೊಳೆದರೆ ಆಪರೇಶನ್ ಇಲ್ಲ.

ಅಲ್ಲಿಂದ ನನ್ನ ಹೆದರಿಕೆಗೆ ಮನುಷ್ಯರ ಮುಖ ಬಂತು. ಗೊತ್ತಾಗದ ಹಾಗೆ ನನಗೊಂದು ಅಭ್ಯಾಸವೂ ಬಂತು. ನಮ್ಮ ತವರಿನ ನಾಗಬನದಲ್ಲಿ ನಾಗರ ಪಂಚಮಿಯ ದಿನ ಪ್ರಸಾದವಾಗಿ ಕೊಡುವ ಅರಸಿನವನ್ನು ಬಿಳಿ ಕೋಟಿನ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ರೋಗಿಯ ಕೊಳವೆಯನ್ನು ಕೈಗೆತ್ತಿಕೊಳ್ಳುವ ಮೊದಲು ಕಿಸೆಗೆ ಕೈ ಹಾಕಿ ಅದನ್ನು ಮುಟ್ಟುವುದು, ಮನಸ್ಸಿನಲ್ಲಿ ನಾಗನನ್ನು ನೆನೆಯುವುದು, ಆಮೇಲೆ ಕೆಲಸ. ರೋಗಿಯ ಕೊಳವೆಗೆ ಮಾತ್ರ ಹೀಗೆ. ಪರೀಕ್ಷೆ ಸರಿಯಾಗಿದೆಯೋ ಎಂದು ತಾಳೆ ನೋಡಲು ಪಕ್ಕದಲ್ಲಿ ಇಡುವ ಕಂಟ್ರೋಲ್ ಕೊಳವೆಗಳಿಗೆ ಯಾರು ಪ್ರಾರ್ಥನೆ ಮಾಡುತ್ತಾರೆ?

ಮೊದಲೆಲ್ಲ ಆ ಪ್ರಸಾದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸಿಗುತ್ತಿತ್ತು. ಹನ್ನೊಂದು ವರ್ಷದ ಹಿಂದಿನ ಆ ಪಂಚಮಿಗೆ ಬನದಲ್ಲಿ ಪ್ಲಾಸ್ಟಿಕ್ ಬೇಡವೆಂದು ತೀರ್ಮಾನಿಸಿ ಕಾಗದದ ಪೊಟ್ಟಣ ಕಟ್ಟಿ ಕೊಟ್ಟರು. ಮಳೆಗಾಲ, ಕೋಟು ಯಾವಾಗಲೂ ಒದ್ದೆ. ಪೊಟ್ಟಣದ ಮಡಿಕೆ ಹರಿದದ್ದು ನನಗೆ ಗೊತ್ತಾಗಲಿಲ್ಲ.

ಗುಲಾಬಿಯಕ್ಕ ಬಂದದ್ದು ಪಂಚಮಿ ಕಳೆದು ಹತ್ತು ದಿನಕ್ಕೆ. ಕಾಪುವಿನ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ತಮ್ಮ ದಿವಾಕರ ಗಲ್ಫಿನಲ್ಲಿ ಎ.ಸಿ. ರಿಪೇರಿ ಮಾಡುತ್ತಿದ್ದವನು, ಎರಡೂ ಕಿಡ್ನಿ ಕೆಟ್ಟು ಊರಿಗೆ ಬಂದು ವಾರಕ್ಕೆ ಮೂರು ಸಲ ಡಯಾಲಿಸಿಸ್‌ನಲ್ಲಿದ್ದ. ಕಿಡ್ನಿ ಕೊಡಲು ಅಕ್ಕ ತಯಾರು. ಅವನ ಸೀರಮ್ ಆಸ್ಪತ್ರೆಯಿಂದ ಬಂದಿತ್ತು. ಅವರ ರಕ್ತ ತಾಜಾ ಬೇಕಾದ್ದರಿಂದ ಅವರೇ ಬಂದಿದ್ದರು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಷ್ಟು ಬೇಕೋ ಅಷ್ಟು ತೆಗೆಯಿರಿ ಅಮ್ಮ. ನನಗೆ ಸೂಜಿಯ ಹೆದರಿಕೆ ಇಲ್ಲ," ಎಂದು ಕೈ ಚಾಚಿದರು. "ಬರುವ ಗುರುವಾರ ಆಪರೇಶನ್ ಅಂತ ಹೇಳಿದ್ದಾರೆ. ನಿಮ್ಮದು ಒಂದು ಸರಿ ಬಂದರೆ ಆಯ್ತು ಅಲ್ವಾ?"

"ಆಯ್ತು ಅಕ್ಕ," ಎಂದೆ.

ಅಂದು ನನಗೆ ಎಂದಿಗಿಂತ ಹೆಚ್ಚು ಹೆದರಿಕೆ. ಕಂಟ್ರೋಲ್ ಕೊಳವೆಗಳನ್ನು ಮೊದಲು ಮುಗಿಸಿದೆ. ಆಮೇಲೆ ಗ್ಲೌಸ್ ಹಾಕಿದ ಕೈಯಿಂದಲೇ ಕಿಸೆಯ ಪೊಟ್ಟಣ ಮುಟ್ಟಿ ದಿವಾಕರನ ಕೊಳವೆ ಎತ್ತಿಕೊಂಡೆ. ಬೆರೆಸುವುದಕ್ಕೆ ನಮ್ಮ ಕಾಲದವರಿಗೆ ಒಂದು ಕೆಟ್ಟ ಚಾಳಿ ಇತ್ತು. ಮುಚ್ಚಳ ಹಾಕುವ ಬದಲು ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ ತಲೆಕೆಳಗು ಮಾಡುವುದು. ಹಾಗೆಯೇ ಮಾಡಿದೆ. ಯಂತ್ರಕ್ಕೆ ಕೊಟ್ಟರೆ ಪರದೆಯ ಮೇಲಿನ ಗುಡ್ಡ ಬಲಕ್ಕೆ ಸರಿದು ನಿಂತಿತು. ಹೊಳೆದಿದೆ.

ಹೊಳೆದರೆ ಅದೇ ದಿನ ಇನ್ನೊಮ್ಮೆ ಮಾಡಬೇಕು ಎಂಬುದು ಸರ್ ಇಟ್ಟ ನಿಯಮ. ಮಧ್ಯಾಹ್ನ ಮತ್ತೆ ಮಾಡಿದೆ. ಈ ಸಲ ಪೊಟ್ಟಣವನ್ನು ಗಟ್ಟಿಯಾಗಿ ಹಿಡಿದು ಹೆಚ್ಚು ಹೊತ್ತು ಪ್ರಾರ್ಥಿಸಿದೆ. ಗುಡ್ಡ ಇನ್ನಷ್ಟು ಬಲಕ್ಕೆ ಹೋಯಿತು. ಕಂಟ್ರೋಲ್‌ಗಳೆಲ್ಲ ಶುದ್ಧ. ಸರ್ ಸಹಿ ಹಾಕಿದರು. ಶನಿವಾರ ಆಸ್ಪತ್ರೆಯವರು ಗುರುವಾರದ ಆಪರೇಶನ್ ರದ್ದು ಮಾಡಿ ಆ ದಿನವನ್ನು ಬೇರೆಯವರಿಗೆ ಹಿಡಿದಿಟ್ಟರು. ಗುಲಾಬಿಯಕ್ಕ ನಮ್ಮ ಲ್ಯಾಬಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು, "ನನ್ನ ರಕ್ತದಲ್ಲಿ ಎಂತ ದೋಷ ಉಂಟು ಅಮ್ಮ?"

ಸೋಮವಾರ ಬೆಳಿಗ್ಗೆ ಹೊಸದಾಗಿ ಬಣ್ಣ ಹತ್ತಿಸಿದ ಆಂಟಿಬಾಡಿ ಪರೀಕ್ಷಿಸಲು ಕತ್ತಲ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದೆ. ಅಂದೂ ಅಭ್ಯಾಸದಂತೆ ಕಿಸೆ ಮುಟ್ಟಿಯೇ ಕುಳಿತದ್ದು. ಸ್ಲೈಡ್ ತೆಗೆದರೆ ನೀಲಿ ಬೆಳಕು ಕೆಳಗೆ ಚೆಲ್ಲುತ್ತದೆ, ಕಣ್ಣಿಗೆ ತಾಗದಿರಲು ಮುಂದೆ ಕಿತ್ತಳೆ ಬಣ್ಣದ ಒಂದು ಫಲಕ ಇರುತ್ತದೆ. ಆ ಫಲಕದ ಮೂಲಕ ನೋಡಿದೆ. ನನ್ನ ಹೆಬ್ಬೆರಳು ಹಸಿರಾಗಿ ಹೊಳೆಯುತ್ತಿತ್ತು.

ಬಣ್ಣ ಚೆಲ್ಲಿರಬೇಕು ಎಂದುಕೊಂಡೆ. ಆದರೆ ಅಂದು ಬಣ್ಣದ ಬಾಟಲಿಯನ್ನು ಇನ್ನೂ ತೆರೆದೇ ಇರಲಿಲ್ಲ. ಎದ್ದು ನಿಂತಾಗ ಕೋಟಿನ ಅಂಚು ಆ ಬೆಳಕಿಗೆ ಬಂತು. ಕಿಸೆಯ ಹೊಲಿಗೆ ಉದ್ದಕ್ಕೂ ಹಸಿರು. ಕೈ ಹಾಕಿ ತೆಗೆದರೆ ಹರಿದ ಪೊಟ್ಟಣ, ಅರಸಿನ. ಒಂದು ಚಿಟಿಕೆಯನ್ನು ಬೆಳಕಿನ ಕೆಳಗೆ ಹಿಡಿದೆ. ನಾವು ಅಷ್ಟು ಕಷ್ಟಪಟ್ಟು ಅಂಟಿಸುತ್ತಿದ್ದ ಬಣ್ಣ ಹೊಳೆಯುವ ಹಾಗೆಯೇ ಅದೂ ಹೊಳೆಯಿತು. ಅರಸಿನ ಜೀವಕೋಶಕ್ಕೆ ಅಂಟಿದರೆ ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಅದು ಹೊಳಪನ್ನು ಮಾತ್ರ ನೋಡುತ್ತದೆ, ಯಾರದ್ದು ಎಂದು ಕೇಳುವುದಿಲ್ಲ. ದಿವಾಕರನ ಕೊಳವೆಗೆ ಎರಡೂ ಸಲ ನಾನು ಒತ್ತಿದ್ದು ಈ ಅರಸಿನ ತಾಗಿದ ಹೆಬ್ಬೆರಳನ್ನು.

ಆ ಕ್ಷಣವೇ ಸರ್ ಕೋಣೆಗೆ ಹೋಗಬೇಕಿತ್ತು. ಹತ್ತು ಹೆಜ್ಜೆ ದೂರ. ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂದು ಹೊಸಬರು ಕೇಳಬೇಕು, ನಾನು ಉತ್ತರ ಕೊಡಬೇಕು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಪ್ರಸಾದ ಮುಟ್ಟಿ ಪರೀಕ್ಷೆ ಮಾಡುವವಳು ಎಂದು ಮಣಿಪಾಲವಿಡೀ ನಗುತ್ತದೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ನಾಗನ ಪ್ರಸಾದವನ್ನು ದೂರಿದರೆ ಎಂತ ಆದೀತೋ ಎಂಬುದೂ ಇತ್ತು. ಲ್ಯಾಬಿನ ಕಸವನ್ನು ಸುಡುತ್ತಾರೆ ಎಂದು ಪೊಟ್ಟಣವನ್ನು ಅಲ್ಲಿ ಎಸೆಯದೆ ಮನೆಗೆ ತಂದು ತುಳಸಿಯ ಬುಡಕ್ಕೆ ಹಾಕಿದೆ. ಕೋಟು ಒಗೆಯುವಾಗಲೂ ಆ ನೀರು ಕಾಲಿಗೆ ತಾಗದಿರಲಿ ಎಂದು ದೂರ ನಿಂತೆ. ಇವೆಲ್ಲದರ ಜೊತೆ ಮನಸ್ಸು ನನಗೊಂದು ಉಪಾಯ ಹೇಳಿಕೊಟ್ಟಿತು. ದಿವಾಕರನಿಗೆ ಎಷ್ಟೋ ಸಲ ಬೇರೆಯವರ ರಕ್ತ ಕೊಟ್ಟಿದ್ದಾರೆ, ಅದರಿಂದ ಶತ್ರು ನಿಜವಾಗಿಯೇ ಹುಟ್ಟಿದ್ದರೂ ಹುಟ್ಟಿರಬಹುದು, ಅರಸಿನ ಇಲ್ಲದಿದ್ದರೂ ಹೊಳೆಯುತ್ತಿತ್ತೋ ಏನೋ. ಇದನ್ನೇ ಜಪಿಸುತ್ತ ಮಂಗಳವಾರ ಕಳೆದೆ, ಬುಧವಾರ ಕಳೆದೆ. ಗುರುವಾರ ಬೆಳಿಗ್ಗೆಯಿಂದ ಗಡಿಯಾರ ನೋಡುತ್ತಲೇ ಇದ್ದೆ. ಆ ಗುರುವಾರವೂ ದಾಟಿತು.

ಶುಕ್ರವಾರ ಆಸ್ಪತ್ರೆಯ ಕಾರಿನಲ್ಲಿ ಇನ್ನೊಬ್ಬ ರೋಗಿಯ ಸೀರಮ್ ಬಂತು. ಕಂಟ್ರೋಲ್ ಮುಗಿಸಿದೆ. ರೋಗಿಯ ಕೊಳವೆ ಎತ್ತುವ ಮೊದಲು ಕೈ ತಾನಾಗಿ ಕಿಸೆಗೆ ಹೋಯಿತು. ಕಿಸೆ ಖಾಲಿ. ಮುಂದಿನ ಕೆಲಸ ಕೈಯಿಂದ ಆಗಲಿಲ್ಲ. ಕೊಳವೆಯನ್ನು ಸ್ಟ್ಯಾಂಡಿನಲ್ಲಿಟ್ಟು ಸರ್ ಕೋಣೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದರು. ಒರೆಸಲಿಲ್ಲ.

"ಯಾವಾಗ ಗೊತ್ತಾಯಿತು ವಾರಿಜಾ?"

"ಸೋಮವಾರ ಸರ್."

"ಇವತ್ತು ಶುಕ್ರವಾರ."

ಎದ್ದು ಲ್ಯಾಬಿಗೆ ಬಂದು, "ಹೇಳಿದರೆ ಸಾಲದು, ತೋರಿಸಿ," ಎಂದರು. ಸರ್ ಕೈಯಲ್ಲೇ ನನ್ನ ರಕ್ತ ತೆಗೆಸಿಕೊಂಡು ಎರಡು ಕೊಳವೆ ಮಾಡಿದೆ. ಒಂದನ್ನು ಹೊಸ ಗ್ಲೌಸ್ ಹಾಕಿ ಬೆರೆಸಿದೆ. ಇನ್ನೊಂದಕ್ಕೆ, ಅಂಗಡಿಯಿಂದ ತರಿಸಿದ ಸ್ವಲ್ಪ ಅರಸಿನವನ್ನು ಹೆಬ್ಬೆರಳಿಗೆ ಸವರಿಕೊಂಡೆ. ಪರದೆಯ ಮೇಲೆ ಎರಡು ಗುಡ್ಡಗಳು ಬೇರೆ ಬೇರೆಯಾಗಿ ನಿಂತವು. ಸರ್ ಅದನ್ನು ಬಹಳ ಹೊತ್ತು ನೋಡಿ, "ಆಸ್ಪತ್ರೆಗೆ ನಾನು ಹೇಳುತ್ತೇನೆ. ಆ ಅಕ್ಕನಿಗೆ ನೀವೇ ಹೇಳಬೇಕು," ಎಂದರು. ಹೂಂ ಎಂದು ತಲೆ ಆಡಿಸಿದೆ.

ಮುಂದಿನ ಬುಧವಾರ ಗುಲಾಬಿಯಕ್ಕ ಎರಡನೆಯ ಸಲ ರಕ್ತ ಕೊಡಲು ಬಂದರು. ಆಸ್ಪತ್ರೆಯವರು ಮತ್ತೊಮ್ಮೆ ನೋಡಬೇಕಂತೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಹೇಳುವುದಕ್ಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ತೆಗೆದರು.

"ನಮ್ಮ ಬನದ್ದು. ನಾಗನಿಗೆ ಹಾಲೆರೆಸಿ, ತನು ಹಾಕಿಸಿ ತಂದೆ," ಎಂದರು. "ಇದನ್ನೊಂದು ಸಲ ಮುಟ್ಟಿ ಆಮೇಲೆ ಮಾಡಿ ಅಮ್ಮ. ನನ್ನ ದೋಷ ಹೋಗಲಿ."

ಅರಸಿನ. ನನಗೆ ಎರಡು ಹೆಜ್ಜೆ ಹಿಂದೆ ಸರಿಯುವ ಹಾಗಾಯಿತು. ಪ್ರಸಾದಕ್ಕೆ ಕೈ ಚಾಚದೆ ಇದ್ದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. "ಅಕ್ಕ, ಅದು ನಿಮ್ಮ ಕೈಯಲ್ಲೇ ಇರಲಿ," ಎಂದೆ. "ನೀವು ಹೊರಗೆ ಬೆಂಚಿನಲ್ಲಿ ಅದನ್ನು ಹಿಡಿದುಕೊಂಡು ಕುಳಿತುಕೊಳ್ಳಿ. ನಾನು ಒಳಗೆ ಮಾಡುತ್ತೇನೆ." ಅವರು ನನ್ನ ಮುಖವನ್ನೇ ನೋಡಿದರು, ಆಮೇಲೆ ಹೊರಗೆ ಹೋಗಿ ಕುಳಿತರು. ಒಳಗೆ ನಾನು ಕಿಸೆಯೇ ಇಲ್ಲದ ಕೋಟು ಹಾಕಿಕೊಂಡು, ಪ್ರತಿ ಕೊಳವೆಗೂ ಗ್ಲೌಸ್ ಬದಲಿಸಿ, ಮುಚ್ಚಳ ಹಾಕಿ ಬೆರೆಸಿದೆ. ಗುಡ್ಡ ಇದ್ದಲ್ಲಿಂದ ಕದಲಲಿಲ್ಲ. ಹೊಳೆಯಲಿಲ್ಲ. ಶತ್ರು ಇರಲಿಲ್ಲ, ಮೊದಲೂ ಇರಲಿಲ್ಲ.

ಹೊರಗೆ ಬಂದು ಹೇಳಿದಾಗ ಅವರು ಪೊಟ್ಟಣವನ್ನು ಕಣ್ಣಿಗೆ ಒತ್ತಿಕೊಂಡು ಅತ್ತರು. ಆ ಹೊತ್ತಿನಲ್ಲಿ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ.

ಬಿಟ್ಟುಹೋದ ದಿನ ಮತ್ತೆ ಸುಲಭಕ್ಕೆ ಸಿಗಲಿಲ್ಲ. ಹೊಸ ದಿನ ಕೊಡುವುದರೊಳಗೆ ದಿವಾಕರನಿಗೆ ಡಯಾಲಿಸಿಸ್ ನಳಿಕೆಯಿಂದ ನಂಜಾಗಿ ಜ್ವರ ಏರಿತು, ಐ.ಸಿ.ಯು.ಗೆ ಹಾಕಿದರು. ಹದಿನೆಂಟು ದಿನ ನಾನು ಪ್ರತಿ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ, ಬೇರೆ ಏನೋ ಕೇಳುವ ನೆವದಲ್ಲಿ ಅವನು ಇದ್ದಾನೆಯೇ ಎಂದು ವಿಚಾರಿಸುತ್ತಿದ್ದೆ. ಉಳಿದುಕೊಂಡ. ಆದರೆ ಒಂದು ಕಿವಿ ಪೂರ್ತಿ ಹೋಯಿತು, ಇನ್ನೊಂದು ಅರ್ಧ. ಜ್ವರಕ್ಕೆ ಕೊಟ್ಟ ಮದ್ದಿನಿಂದ ಎಂದು ಡಾಕ್ಟರು ಹೇಳಿದರಂತೆ. ನಾಲ್ಕು ತಿಂಗಳು ಕಳೆದು ಅಕ್ಕನ ಕಿಡ್ನಿ ಅವನಿಗೆ ಸೇರಿತು. ಈಗಲೂ ಕಾಪುವಿನಲ್ಲಿ ಸಣ್ಣ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ.

ನನ್ನನ್ನು ಸರ್ ಕೆಲಸದಿಂದ ತೆಗೆಯಲಿಲ್ಲ. ಕೋಟುಗಳ ಕಿಸೆ ಹೊಲಿಸಿ ಮುಚ್ಚಿಸಿದರು, ಹೆಬ್ಬೆರಳ ಚಾಳಿ ನಿಲ್ಲಿಸಿದರು, ಕಂಟ್ರೋಲ್ ಕೊಳವೆಗಳನ್ನು ಕೊನೆಯಲ್ಲೂ ಒಂದು ಸಲ ಮಾಡಬೇಕೆಂದು ಬರೆದು ಹಾಕಿದರು. ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ಅಕ್ಕನಿಗೆ ಹೇಳಿದಿರಾ ಎಂದು ಒಮ್ಮೆಯೂ ಕೇಳಲಿಲ್ಲ.

ಗುಲಾಬಿಯಕ್ಕ ಮಾತ್ರ ಪ್ರತಿ ವರ್ಷ ಪಂಚಮಿಯ ಮರುದಿನ ಬರುತ್ತಾರೆ. ಮೊದಲು ಲ್ಯಾಬಿಗೆ ಬರುತ್ತಿದ್ದರು, ನಾನು ನಿವೃತ್ತಳಾದ ಮೇಲೆ ಕಡಿಯಾಳಿಯ ಮನೆಗೆ. ಬನದ ಅರಸಿನ ತಂದು ನನ್ನ ಅಂಗೈಯಲ್ಲಿಡುತ್ತಾರೆ. ಉಪಕಾರದ ನೆನಪಿಗೆ ಎಂದುಕೊಂಡು ಪ್ರತಿ ಸಲ ಬೆವರುತ್ತ ತೆಗೆದುಕೊಳ್ಳುತ್ತಿದ್ದೆ. ಪಂಚಮಿ ಹತ್ತಿರ ಬಂದರೆ ಒಂದು ವಾರ ಮೊದಲೇ ನನಗೆ ಊಟ ಸೇರುತ್ತಿರಲಿಲ್ಲ.

ಈ ವರ್ಷವೂ ಬಂದರು. ಪೊಟ್ಟಣವನ್ನು ಟೀಪಾಯಿಯ ಮೇಲಿಟ್ಟು, ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡರು. ಆ ಮೂವರು ಹುಡುಗಿಯರಿಗೆ ತಾಳ್ಮೆ, ಶುಚಿತ್ವ ಎಂದು ಉಪದೇಶ ಮಾಡಿದ್ದು ಹಿಂದಿನ ದಿನವಷ್ಟೇ. ನಾಚಿಕೆ ಇನ್ನೂ ಹಸಿಯಾಗಿತ್ತು. ಹೇಳಿಬಿಟ್ಟೆ. ಕಿಸೆ, ಪೊಟ್ಟಣ, ಹೆಬ್ಬೆರಳು, ಎಲ್ಲ.

ಅವರು ಆಶ್ಚರ್ಯಪಡಲಿಲ್ಲ. "ಅರಸಿನ ತಾಗಿ ಹಾಗಾಯಿತು ಅಂತ ಆಸ್ಪತ್ರೆಯ ಡಾಕ್ಟ್ರು ಆಪರೇಶನ್ ಆದ ಮೇಲೆ ಹೇಳಿದ್ದರು," ಎಂದರು. "ಅವತ್ತು ನೀವು ಪ್ರಸಾದ ಮುಟ್ಟಲಿಲ್ಲ ಅಲ್ವಾ, ಅದು ನೆನಪಾಗಿ ನನಗೆ ಅಂದಾಜಾಯಿತು, ಆ ಅರಸಿನ ನಿಮ್ಮದೇ ಅಂತ."

"ಮತ್ತೆ ಪ್ರತಿ ವರ್ಷ ಇದನ್ನೇ ತರುತ್ತೀರಲ್ಲ ಅಕ್ಕ?"

"ನೀವಾಗಿ ಹೇಳಬೇಕಿತ್ತು. ಅದಕ್ಕೆ ತಂದೆ," ಎಂದು ಸ್ವಲ್ಪ ನಕ್ಕರು. "ಇರಲಿ. ನಮ್ಮ ಒಳ್ಳೆಯದಕ್ಕೇ ಅಂತ ಮುಟ್ಟಿದ್ದು ನೀವು. ನಾನೂ ಮುಟ್ಟಿ ಮಾಡಿ ಅಂತ ಹೇಳಿದವಳೇ ಅಲ್ವಾ. ಇನ್ನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಹನ್ನೊಂದು ವರ್ಷದ ಭಾರ ಇಳಿದಿತ್ತು, ಅವರು ಏಳುವುದರಲ್ಲಿದ್ದರು. ನಿಲ್ಲಿಸು ಎಂದು ಹಳೆಯ ಹೆದರಿಕೆ ಹೇಳಿತು. ಆದರೆ ಅವರು ಕ್ಷಮಿಸಿದ್ದು ನನ್ನ ಸಣ್ಣ ತಪ್ಪನ್ನು. ದೊಡ್ಡದು ಅವರಿಗೆ ಗೊತ್ತೇ ಇರಲಿಲ್ಲ.

"ಅಕ್ಕ, ನನಗೆ ಅದು ಸೋಮವಾರವೇ ಗೊತ್ತಾಗಿತ್ತು," ಎಂದೆ. "ಸರ್‌ಗೆ ಹೇಳಿದ್ದು ಶುಕ್ರವಾರ."

ಅವರು ಸೀರೆಯ ಅಂಚನ್ನು ಬೆರಳಿನಲ್ಲಿ ಮಡಿಸುತ್ತ ಕುಳಿತರು. ಮಂಗಳ, ಬುಧ ಎಂದು ತುಟಿ ಅಲುಗಿತು.

"ಆಪರೇಶನ್ ಗುರುವಾರ ಇತ್ತು," ಎಂದರು.

"ಹೌದು ಅಕ್ಕ."

"ಸೋಮವಾರ ಹೇಳಿದ್ದರೆ?"

"ಮಂಗಳವಾರ ಮತ್ತೆ ಟೆಸ್ಟ್ ಮಾಡಬಹುದಿತ್ತು. ಗುರುವಾರದ ದಿನ ಉಳಿಯುತ್ತಿತ್ತೋ ಏನೋ."

ಅವರು ಮಡಿಸಿದ ಸೀರೆಯ ಅಂಚನ್ನು ಬಿಟ್ಟು, "ಅವನನ್ನು ಈಗ ಕೂಗಿ ಕರೆಯಬೇಕು. ಹತ್ತಿರ ನಿಂತರೂ ಕೇಳುವುದಿಲ್ಲ," ಎಂದರು. ನನಗೆ ಹೇಳಿದ ಹಾಗೆ ಇರಲಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡು ಕೊಡೆ ತೆಗೆದುಕೊಂಡರು. ಗೇಟಿನವರೆಗೆ ನಾನೂ ಹೋದೆ. ಎಂದಿನಂತೆ ಬರ್ತೇನೆ ಎನ್ನಲಿಲ್ಲ. ಬೈಯಲೂ ಇಲ್ಲ.

ಈ ಕೆಲಸಕ್ಕೆ ಬರುವ ಹುಡುಗಿಯರೇ, ಹೆದರಿಕೆ ಇರಲಿ. ಹೆದರದವರ ಕೈಯಲ್ಲಿ ರೋಗಿಯ ಕೊಳವೆ ಕೊಡಲು ನನಗೆ ಇವತ್ತಿಗೂ ಮನಸ್ಸಿಲ್ಲ. ಆದರೆ ಹೆದರಿಕೆಯನ್ನು ಕಿಸೆಯಲ್ಲಿ ಇಟ್ಟುಕೊಂಡು ಕೆಲಸ ಮಾಡಬೇಡಿ. ತಪ್ಪು ಗೊತ್ತಾದ ಕೂಡಲೇ ಮೇಲಿನವರ ಕೋಣೆಗೆ ಹೋಗಿ. ಅವರು ಕನ್ನಡಕ ತೆಗೆದರೆ ತೆಗೆಯಲಿ.

ಗುಲಾಬಿಯಕ್ಕ ತಂದ ಪೊಟ್ಟಣ ಟೀಪಾಯಿಯ ಮೇಲೆಯೇ ಇದೆ. ಅವರು ಅದನ್ನು ನನ್ನ ಕೈಗೆ ಕೊಟ್ಟಿಲ್ಲ, ವಾಪಸು ತೆಗೆದುಕೊಂಡೂ ಹೋಗಿಲ್ಲ. ಒಂದು ತಿಂಗಳಿನಿಂದ ಅದರ ಸುತ್ತ ಧೂಳು ಒರೆಸುತ್ತಿದ್ದೇನೆ, ಮುಟ್ಟಿಲ್ಲ.